ಗುಳಿ ಬಿದ್ದ ಕೋಲುಗಳು

ಗಾಳದ ಕೋಲುಗಳ ಹಾಳಾದ ದಾರವನ್ನು ಬ್ಲೇಡಿನಿಂದ ಬಿಡಿಸಲು ಅತ್ತಿಗೆಯೂ ನಾನೂ ಎದುರುಬದುರು ಕೂತಿದ್ದೆವು. ಬ್ಲೇಡನ್ನು ಓರೆಯಾಗಿ ಹಿಡಿದು ಕೋಲಿಗೆ ಕಟ್ಟಿದ ಉಂಗುರದ ಪಾದದ ಮೇಲಷ್ಟೇ ಕೊಯ್ಯಬೇಕು. ಕೋಲಿನ ಮೈಗೆ ಗೀರು ಬಿದ್ದರೆ ಮುಂದೆಂದಾದರೂ ದೊಡ್ಡ ಮೀನು ಎಳೆದಾಗ ಅಲ್ಲೇ ಮುರಿಯುತ್ತದೆ. ಲೇಪ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು. ಅದರಡಿಯ ಹಸಿರು ದಾರ ಸುರುಳಿ ಬಿಚ್ಚಿಕೊಂಡು ಮೇಜಿನ ಮೇಲೆ ಬೀಳುತ್ತಿತ್ತು. ಅವಳು ಸುತ್ತಿದ್ದನ್ನು ಅವಳು ಬಿಡಿಸುತ್ತಿದ್ದಳು, ನಾನು ಸುತ್ತಿದ್ದನ್ನು ನಾನು. ಅವಳ ಮುಂದಿನ ಗುಡ್ಡೆ ದೊಡ್ಡದಾಗುತ್ತಾ ಹೋಯಿತು. ಅದನ್ನು ಇಬ್ಬರೂ ನೋಡಿದೆವು.

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಗಾಳದ ಕೋಲು ತಯಾರಾಗುತ್ತದೆ. ಅಂಗಡಿಯಲ್ಲಿ ಗೋಡೆಗೆ ಒರಗಿಸಿಟ್ಟಿರುವಂಥದ್ದಲ್ಲ. ಹಿಡಿಯುವವರ ಅಂಗೈ ಎಷ್ಟು ಅಗಲ, ತೋಳು ಎಷ್ಟು ಉದ್ದ, ದಡದಿಂದ ಎಸೆಯುತ್ತಾರೋ ದೋಣಿಯಿಂದಲೋ, ಎಲ್ಲವನ್ನೂ ಕೇಳಿಕೊಂಡು ಮಾಡುವಂಥದ್ದು. ಬರಿಗೋಲು ಹೊರಗಿನಿಂದ ಬರುತ್ತದೆ. ಅಪ್ಪ ಅದನ್ನು ಬಗ್ಗಿಸಿ, ಉರುಳಿಸಿ, ಯಾವ ಮಗ್ಗುಲಿಗೆ ಅದು ಸೆಟೆಯುತ್ತದೆ ಎಂದು ಕಂಡುಹಿಡಿದು ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಾರೆ. ಆ ಗೆರೆಯ ಮೇಲೆ ನೂಲು ಹಾಯುವ ಉಂಗುರಗಳನ್ನು ಇಟ್ಟು, ಕೂದಲಿನಷ್ಟು ಸಣ್ಣ ದಾರವನ್ನು ಎಳೆಗೆ ಎಳೆ ತಾಗುವ ಹಾಗೆ ಸುತ್ತಿ ಬಿಗಿಯುವುದು ನನ್ನ ಕೆಲಸ. ಶಾಲೆ ಬಿಟ್ಟಂದಿನಿಂದ ಅದೇ ಮಾಡುತ್ತಿದ್ದೇನೆ. ಅಣ್ಣನ ಮದುವೆಯಾದ ಮೇಲೆ ಅತ್ತಿಗೆಯೂ ಸೇರಿಕೊಂಡಳು.

ಸುತ್ತಿದ್ದನ್ನು ಅಪ್ಪ ಪರೀಕ್ಷೆ ಮಾಡುತ್ತಾರೆ, ಹೆಬ್ಬೆರಳಿನಿಂದ. ಎಳೆಗಳ ನಡುವೆ ಸಂದು ಬಿಟ್ಟಿದ್ದರೆ ಕಣ್ಣಿಗೆ ಕಾಣದಿದ್ದರೂ ಹೆಬ್ಬೆರಳಿಗೆ ಸಿಕ್ಕೇ ಸಿಗುತ್ತದೆ ಎಂದು ಅವರ ಮಾತು. ಅವರ ಬೆರಳು ಹಾಯದೆ ಯಾವ ಕೋಲಿಗೂ ಲೇಪ ಬೀಳುವುದಿಲ್ಲ. ಆಮೇಲೆ ಅಣ್ಣ ಪಾರ್ಸೆಲ್ ಆಫೀಸಿನಿಂದ ಬಂದು, ಎರಡು ಬಾಟಲಿಯ ರಾಳವನ್ನು ಸಮಸಮ ಬೆರೆಸಿ, ಕುಂಚದಿಂದ ದಾರದ ಮೇಲೆ ಹಚ್ಚಿ, ನಿಧಾನಕ್ಕೆ ತಿರುಗುವ ಮೋಟಾರಿಗೆ ಕೋಲನ್ನು ಸಿಕ್ಕಿಸುತ್ತಾನೆ. ಬೆಳಗಾಗುವಷ್ಟರಲ್ಲಿ ದಾರದ ಮೇಲೆ ಗಾಜಿನಂಥ ಹೊದಿಕೆ ಗಟ್ಟಿಯಾಗಿರಬೇಕು.

ಈಚೆಗೆ ಆ ಹೊದಿಕೆಯಲ್ಲಿ ಗುಳಿ ಬೀಳುತ್ತಿತ್ತು. ಜಿಡ್ಡು ತಾಗಿದ ಕಡೆ ಲೇಪ ನಿಲ್ಲುವುದಿಲ್ಲ, ಸರಿದು ಹೋಗುತ್ತದೆ, ಸರಿದಲ್ಲಿ ಸಾಸಿವೆಯಷ್ಟು ಗುಳಿ ಉಳಿಯುತ್ತದೆ. ಅದಕ್ಕೇ ಕೋಣೆಯ ಬಾಗಿಲ ಹೊರಗೆ ನಲ್ಲಿ, ಸೋಪು ಇಟ್ಟಿರುವುದು. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಒಳಗೆ ಬರಬಾರದು. ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡು ಆ ಬಾಗಿಲ ಹತ್ತಿರ ಸುಳಿದರೂ ಅಪ್ಪ ಕೂಗುತ್ತಾರೆ. ನಾನು ಬುದ್ಧಿ ಬಂದಾಗಿನಿಂದ ಗುಳಿ ಬಿದ್ದದ್ದನ್ನು ನೋಡಿರಲಿಲ್ಲ. ಅತ್ತಿಗೆ ಬಂದ ಮೇಲೆ ಬಿತ್ತು.

ಅತ್ತಿಗೆ ಬೆಳಗಿನ ಹೊತ್ತು ಹೆಂಗಸರ ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಹೇಳಿದರು, "ಹಲ್ಲಿನ ಡಾಕ್ಟರ ಕೋಲು ವಾಪಸ್ ಬಂತು."

"ಯಾವ್ದು, ನೀಲಿದಾ?" ಅಣ್ಣ ಕೇಳಿದ.

"ನೀಲಿದೇ. ಹಿಡಿಯಿಂದ ಮೇಲಕ್ಕೆ ಪೂರ್ತಿ ಗುಳಿ. ದಿನಾ ಜನರ ಹಲ್ಲಲ್ಲಿ ತೂತು ಹುಡುಕೋ ಮನುಷ್ಯ, ಅವರ ಕಣ್ಣು ತಪ್ಪಿಸಕ್ಕಾಗುತ್ತಾ?"

"ಸಿಮೆಂಟು ಅವರ ಹತ್ರಾನೇ ಇರುತ್ತಲ್ಲ. ತುಂಬ್ಕೊಳ್ಳಲಿ ಬಿಡು," ಅಂದಳು ಅಜ್ಜಿ.

"ಅಮ್ಮಾ, ಇದು ನಗೋ ಮಾತಲ್ಲ." ಅಪ್ಪ ಅನ್ನ ಕಲೆಸುವುದನ್ನು ನಿಲ್ಲಿಸಿದರು. "ಯಾರೋ ಒಳಗೆ ಜಿಡ್ಡು ತರ್ತಿದಾರೆ."

ಅತ್ತಿಗೆ ಆಲೂಗಡ್ಡೆಯ ಪಾತ್ರೆ ಹಿಡಿದುಕೊಂಡು ಅಮ್ಮನ ತಟ್ಟೆಗೆ ಬಡಿಸುತ್ತಿದ್ದಳು. "ನಾನು ಎರಡು ಸಲ ಕೈ ತೊಳೀತೀನಿ ಮಾವ," ಅಂದಳು.

"ನಾನೀಗ ನಿನ್ನ ಹೆಸರೆತ್ತಿದೆನಾ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ," ಅಜ್ಜಿ ತಟ್ಟೆಯಿಂದ ತಲೆ ಎತ್ತದೆ ಅಂದಳು.

"ಎಲ್ಲಿ, ಕೈ ಕೊಡು," ಅಂದರು ಅಪ್ಪ.

ಅತ್ತಿಗೆ ಅಣ್ಣನ ಕಡೆ ನೋಡಿದಳು. ಅಣ್ಣ ನೀರು ಕುಡಿಯುತ್ತಿದ್ದ. ಅವಳು ಪಾತ್ರೆ ಕೆಳಗಿಟ್ಟು ಕೈ ಚಾಚಿದಳು. ಅಪ್ಪ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು, ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಶಾಂಪೂ ವಾಸನೆ."

"ಬೆಳಗಿಂದ ಊರವರ ತಲೆ ತೊಳೆದಿದೀನಿ ಮಾವ. ಶಾಂಪೂ ವಾಸನೆ ಬರದೆ ಇನ್ನೇನು ಬರುತ್ತೆ?"

"ಊರವರ ತಲೆ ಸವರಿದ ಕೈಯಲ್ಲಿ ನಮ್ಮ ಕೋಲು ಸವರಿದ್ರೆ ಹಿಂಗೇ ಆಗೋದು," ಅಜ್ಜಿ ಅಂದಳು.

ಅಮ್ಮ "ಊಟ ಮಾಡಿ, ಆರಿ ಹೋಗುತ್ತೆ" ಅಂದಳು. ಎಲ್ಲರೂ ಊಟ ಮಾಡಿದರು. ಅತ್ತಿಗೆ ಆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಆಮೇಲೆ ಬಡಿಸಿದಳು.

ಮರುದಿನ ಅವಳು ಅಂಗಡಿಯಿಂದ ತೆಳ್ಳನೆಯ ಕೈಗವಸು ತಂದಳು, ಕೂದಲಿಗೆ ಬಣ್ಣ ಹಚ್ಚುವಾಗ ಹಾಕಿಕೊಳ್ಳುವಂಥದ್ದು. ಬಂದ ಕೂಡಲೇ ಬಟ್ಟೆ ಬದಲಿಸಿ, ತಲೆಗೆ ಬಟ್ಟೆ ಬಿಗಿದು, ನಲ್ಲಿಯ ಹತ್ತಿರ ಮೊಣಕೈವರೆಗೂ ತೊಳೆದು, ಕೈಗವಸು ಹಾಕಿಕೊಂಡು ಒಳಗೆ ಬರುತ್ತಿದ್ದಳು.

"ಆಪರೇಷನ್ನಿಗೆ ಹೊರಟಳು ನೋಡು," ಅಂತ ಅಜ್ಜಿ ಕಿಟಕಿಯಿಂದ ಹೇಳುತ್ತಿದ್ದಳು.

ಆದರೂ ಗುಳಿ ನಿಲ್ಲಲಿಲ್ಲ. ನನ್ನ ಸುತ್ತಿನಲ್ಲಿ ಅಲ್ಲೊಂದು ಇಲ್ಲೊಂದು. ಅವಳದರಲ್ಲಿ ಸಿಡುಬು ಎದ್ದ ಹಾಗೆ. ಅವಳು ದಾರ ಸುತ್ತುವುದು ನನಗಿಂತ ಚೆಂದ. ಎರಡು ಬಣ್ಣವನ್ನು ಜಡೆ ಹೆಣೆದ ಹಾಗೆ ಹಾಯಿಸಿ ಒಂದು ಅಡ್ಡಗೆರೆ ತರುತ್ತಾಳೆ. ಅದು ನನಗೆ ಎಷ್ಟು ಕಲಿತರೂ ಬರಲಿಲ್ಲ. ಗಿರಾಕಿಗಳು ಅದನ್ನೇ ಕೇಳಲು ಶುರುಮಾಡಿದ್ದರು. ಅಷ್ಟು ಚೆಂದದ ಕೆಲಸದ ಮೇಲೆಯೇ ಗುಳಿ ಬೀಳುತ್ತಿತ್ತು.

ನಾನು ಎಲ್ಲರನ್ನೂ ಗಮನಿಸತೊಡಗಿದೆ. ಅಜ್ಜಿ ನನ್ನನ್ನು ಬೆಕ್ಕು ಅಂತ ಕರೆಯುತ್ತಾಳೆ, ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲವಂತೆ. ಮನೆಯಲ್ಲಿ ನಾನೊಬ್ಬಳು ಇದ್ದೇನೆ ಅನ್ನುವುದನ್ನೇ ಮರೆತು ಜನ ಓಡಾಡುತ್ತಾರೆ. ಒಂದು ದಿನ ಒಣಗಿದ ಬಟ್ಟೆ ತೆಗೆದುಕೊಂಡು ಬರುವಾಗ ಅಣ್ಣನ ಕೋಣೆಯಲ್ಲಿ ಅಮ್ಮ ಇದ್ದಳು. ಅತ್ತಿಗೆಯ ಕೈಚೀಲ ಮಂಚದ ಮೇಲೆ ಬಾಯಿ ತೆರೆದುಕೊಂಡಿತ್ತು. ಬಾಚಣಿಗೆ, ಕ್ಲಿಪ್ಪು, ಅರ್ಧ ಬ್ರೆಡ್ಡಿನ ಪೊಟ್ಟಣ ಎಲ್ಲ ಹೊರಗೆ ಹರಡಿತ್ತು. ಅಮ್ಮ ತುಟಿಗೆ ಹಚ್ಚುವ ಒಂದು ಚಿಕ್ಕ ಡಬ್ಬಿಯ ಮುಚ್ಚಳ ತೆಗೆದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

"ನೀನೇನೂ ನೋಡಿಲ್ಲ," ಅಂದಳು ಅಮ್ಮ ನನ್ನನ್ನು ಕಂಡು.

"ಅದು ತುಟಿಗಮ್ಮ."

"ತುಟಿ ಮುಟ್ಟಿದ ಬೆರಳು ದಾರಾನೂ ಮುಟ್ಟುತ್ತೆ." ಸಾಮಾನನ್ನೆಲ್ಲ ಚೀಲಕ್ಕೆ ತುಂಬಿದಳು. ಬ್ರೆಡ್ಡನ್ನು ಮೊದಲು ಹಾಕಿ ಅದರ ಮೇಲೆ ಬಾಚಣಿಗೆ ಹಾಕಿದಳು. ಅತ್ತಿಗೆಗೆ ಗೊತ್ತಾಗಿಯೇ ಆಗುತ್ತದೆ ಅಂದುಕೊಂಡೆ.

ಗೊತ್ತಾಯಿತು. ಆದರೆ ಅವಳು ಕೇಳಿದ್ದು ನನ್ನನ್ನು. ನಾನು ಪಾತ್ರೆ ತೊಳೆಯುತ್ತಿದ್ದೆ, ಅವಳು ಒರೆಸಿ ಇಡುತ್ತಿದ್ದಳು.

"ನನ್ನ ಚೀಲದಲ್ಲಿ ಏನು ಸಿಕ್ತು?"

"ನಾನು ಮುಟ್ಟಿಲ್ಲ."

"ಈ ಮನೇಲಿ ನೀನೊಬ್ಳು ಏನೂ ಮುಟ್ಟಲ್ಲ, ಏನೂ ಹೇಳಲ್ಲ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯುತ್ತಂತೆ." ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದಳು. "ಒಂದ್ ಮಾತು ಕೇಳ್ತೀನಿ, ಬೇಜಾರಾಗಬೇಡ. ನಾನು ಅಂಗಡಿಗೆ ಹೋದಾಗ ನನ್ನ ಕೋಲಿನ ಹತ್ರ ಇರೋಳು ನೀನು. ನಾನು ಬರೋಕೆ ಮುಂಚೆ ದಾರದ ಕೆಲಸಕ್ಕೆ ಇದ್ದೋಳು ನೀನೊಬ್ಳೇ. ಈಗ ಎಲ್ರೂ ನನ್ನ ಅಡ್ಡಗೆರೆ ಕೇಳ್ತಾರೆ."

"ನಾನಾ?"

"ಹೇಳು ಮತ್ತೆ. ನೀನಲ್ಲದಿದ್ರೆ ಯಾರು?"

ಅವಳು ಕೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳ ಸುತ್ತು ಚೆಂದ ಅಂತ ಅಪ್ಪ ಮೊದಲ ಸಲ ಹೇಳಿದಾಗ ನನಗೆ ಊಟ ಸೇರಿರಲಿಲ್ಲ. ಆದರೆ ನಾನು ಏನೂ ಮಾಡಿರಲಿಲ್ಲ. ಹಾಗಂತ ಹೇಳುವಷ್ಟರಲ್ಲಿ ಅವಳು ಒರೆಸುವ ಬಟ್ಟೆ ಹಿಂಡಿ ಹಾಕಿ ಹೊರಟುಹೋದಳು.

ಜಗಳ ಅಣ್ಣನವರೆಗೂ ಹೋಯಿತು. ಮೊದಲಿನಿಂದಲೂ ಅಣ್ಣನಿಗೆ ಈ ಕೆಲಸದ ಮೇಲೆ ಆಸೆಯಿಲ್ಲ. ಪೆಟ್ಟಿಗೆಯಲ್ಲಿ ಬರುವ ತಯಾರಿ ಕೋಲು ತರಿಸಿ, ಹೆಸರು ಅಂಟಿಸಿ ಮಾರೋಣ ಎನ್ನುತ್ತಾನೆ. ಭಾನುವಾರದ ಊಟಕ್ಕೆ ಮೊಟ್ಟೆ ಸುಲಿಯುತ್ತಾ ಅದನ್ನೇ ಮತ್ತೆ ಎತ್ತಿದ.

"ಗುಳಿ ಬೀಳೋ ಕೋಲಿಗೆ ಇಷ್ಟು ಒದ್ದಾಟ ಯಾಕಪ್ಪ? ಪೆಟ್ಟಿಗೆ ಕೋಲಿಗೆ ಗುಳಿ ಇರಲ್ಲ."

"ಅದಕ್ಕೆ ಜೀವಾನೂ ಇರಲ್ಲ."

"ಮೀನು ಸಾಯೋಕೆ ಕೋಲಿಗೆ ಜೀವ ಯಾಕೆ ಬೇಕು?"

ಅಜ್ಜಿ ಕಣ್ಣು ಕಿರಿದು ಮಾಡಿದಳು. "ರಾಳ ಬೆರೆಸೋದು ನೀನು ತಾನೆ? ಒಂದು ಬಾಟ್ಲಿ ಹೆಚ್ಚು, ಒಂದು ಬಾಟ್ಲಿ ಕಮ್ಮಿ ಆದ್ರೆ ಯಾರಿಗೆ ಗೊತ್ತಾಗುತ್ತೆ?"

"ಕಮ್ಮಿ ಆದ್ರೆ ಅಂಟಂಟಾಗಿ ಉಳಿಯುತ್ತೆ ಅಜ್ಜಿ, ಗುಳಿ ಬೀಳಲ್ಲ. ಗೊತ್ತಿಲ್ದೇ ಮಾತಾಡಬೇಡ."

"ನಿನಗೆ ಅಂಗಡಿ ಮುಚ್ಚೋದು ಬೇಕಾಗಿದೆ, ಅದಂತೂ ನಂಗೆ ಗೊತ್ತು."

"ನನ್ನ ಮೇಲೇನಾ ಈಗ?" ಅಣ್ಣ ಮೊಟ್ಟೆಯನ್ನು ತಟ್ಟೆಗೆ ಹಾಕಿದ. "ನಾನು ಈ ಗುಳಿ ನಿಲ್ಸಕ್ಕೆ ಏನು ಮಾಡಿದೀನಿ ಗೊತ್ತಾ? ಅವಳು ಕೂದಲಿಗೆ ಹಚ್ಚೋ ಸೀರಮ್ಮಿನ ಬಾಟ್ಲಿ ನಾನೇ ತೆಗೆದು ಕಸಕ್ಕೆ ಹಾಕಿದೀನಿ. ದಿಂಬಿನ ಕವರ್ ಸಹ ಬಿಸಿನೀರಲ್ಲಿ ಒಗೆದಿದೀನಿ."

ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ಉಪ್ಪಿನ ಡಬ್ಬಿ ಹಿಡಿದು ನಿಂತಿದ್ದಳು.

"ಅಂಗಡೀಲಿ ಮರೆತು ಬಂದೆ ಅಂದ್ಕೊಂಡಿದ್ದೆ," ಅಂದಳು. "ನಿಮ್ಮನ್ನೇ ಕೇಳಿದ್ದೆ. ಗೊತ್ತಿಲ್ಲ ಅಂದ್ರಿ."

ಅಣ್ಣ ಮೊಟ್ಟೆಯ ಸಿಪ್ಪೆಯನ್ನು ಒಟ್ಟು ಮಾಡಿದ.

ಅಪ್ಪ ಆಗ ಹೇಳಿದರು. ಜೋರಾಗಿ ಹೇಳಲಿಲ್ಲ. "ಸ್ವಲ್ಪ ದಿನ ನೀನು ಕೋಣೆಗೆ ಬರಬೇಡ. ದೋಣಿ ಕ್ಲಬ್ಬಿನವರ ಕೋಲುಗಳು ಮುಗಿಯೋವರೆಗೂ. ಅದು ಕೆಟ್ರೆ ಮತ್ತೆ ಯಾರೂ ನಮ್ಮ ಬಾಗಿಲಿಗೆ ಬರಲ್ಲ."

"ಆ ಕೋಲುಗಳಿಗೆ ಅವರು ಕೇಳಿರೋದು ನನ್ನ ಅಡ್ಡಗೆರೇನೇ ಮಾವ."

"ಇವಳು ಹಾಕ್ತಾಳೆ," ಅಂತ ನನ್ನ ಕಡೆ ಗಲ್ಲ ತೋರಿಸಿದರು.

ಅತ್ತಿಗೆ ಉಪ್ಪಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಆ ವಾರವೆಲ್ಲ ಅವಳು ಯಾರೊಂದಿಗೂ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಬೀನ್ಸ್ ಬಿಡಿಸುವುದು, ನೆಲ ಒರೆಸುವುದು, ಅಜ್ಜಿಯ ಹಾಸಿಗೆ ಕೊಡವುವುದು. ಅಣ್ಣನ ಅಂಗಿಗೆ ಇಸ್ತ್ರಿ ಹಾಕುವುದನ್ನು ಮಾತ್ರ ಬಿಟ್ಟಳು. ಅವನು ಸುಕ್ಕು ಅಂಗಿ ಹಾಕಿಕೊಂಡು ಆಫೀಸಿಗೆ ಹೋದ.

ನಾನು ಅಡ್ಡಗೆರೆ ಹಾಕಲು ಕೂತೆ. ಕೆಂಪು ದಾರದ ಮೇಲೆ ಬೂದು ದಾರ ಹಾಯಬೇಕು. ಬೂದು ಜಾರಿತು, ಕೆಂಪು ಸಡಿಲವಾಯಿತು. ಬಿಚ್ಚಿದೆ, ಸುತ್ತಿದೆ, ಬಿಚ್ಚಿದೆ. ಅಪ್ಪ ಹಿಡಿಗೆ ಹಾಕುವ ಕಾರ್ಕು ತರಲು ಪೇಟೆಗೆ ಹೋದದ್ದೇ ಕೋಲನ್ನು ಎತ್ತಿಕೊಂಡು ಅಡುಗೆಮನೆಗೆ ಬಂದೆ.

"ಅತ್ತಿಗೆ, ನಂಗೆ ಬರ್ತಿಲ್ಲ."

ಅವಳು ಕೋಲನ್ನೇ ನೋಡಿದಳು. "ಕೆಟ್ರೆ ಮತ್ತೆ ನನ್ನ ತಲೆಗೆ ಕಟ್ಟಕ್ಕಾ?"

"ನಾನು ಸುತ್ತಿದ್ದು ಅಂತ ಹೇಳ್ತೀನಿ. ಕೆಟ್ರೆ ನನ್ನ ತಲೆಗೇ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಮೇಜಿನ ಮೇಲಿನ ತರಕಾರಿ ಸರಿಸಿ, ಸೋಪು ಹಾಕಿ ಕೈ ತೊಳೆದು ಬಂದು ಕೂತಳು. "ಬಾಗಿಲ ಹತ್ರ ನಿಂತ್ಕೋ. ಅಜ್ಜಿ ಎದ್ರೆ ಹೇಳು."

ಹಾಗೆ ದೋಣಿ ಕ್ಲಬ್ಬಿನ ಕೋಲುಗಳೆಲ್ಲ ಅಪ್ಪ ಇಲ್ಲದ ಹೊತ್ತಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ತಯಾರಾದವು. ಕೈಗವಸೂ ಇಲ್ಲ, ತಲೆಗೆ ಬಟ್ಟೆಯೂ ಇಲ್ಲ, ಪಕ್ಕದಲ್ಲೇ ಬಾಣಲೆ. ನಾನು ಅವುಗಳನ್ನು ಒಯ್ದು ನನ್ನವು ಅಂತ ಅಪ್ಪನ ಮುಂದೆ ಇಟ್ಟೆ. ಅಪ್ಪ ಒಂದೊಂದನ್ನೂ ತಿರುಗಿಸಿ ನೋಡಿ, ಉಗುರ ತುದಿ ತಾಗಿಸಿದ ಹಾಗೆ ಮಾಡಿ, "ಕಲಿತುಬಿಟ್ಯಲ್ಲ" ಅಂದರು. ಅಣ್ಣ ಲೇಪ ಹಚ್ಚಿದ.

ಬೆಳಿಗ್ಗೆ ನೋಡಿದರೆ ಒಂದೂ ಗುಳಿ ಇಲ್ಲ. ಕೆಂಪಿನ ಮೇಲಿನ ಬೂದು ಗೆರೆ ನೀರೊಳಗೆ ಕಂಡ ಹಾಗೆ ಕಾಣುತ್ತಿತ್ತು.

ಮನೆಯೆಲ್ಲ ಹಗುರಾಯಿತು. ಅಪ್ಪ ಕೋಲುಗಳನ್ನು ಒಂದೊಂದಾಗಿ ಅಮ್ಮನಿಗೆ ತೋರಿಸಿದರು. ಅಜ್ಜಿ ಟೀ ಹೀರುತ್ತಾ, "ನಾನು ಹೇಳಲಿಲ್ವಾ? ಕಾಲಿಗೆ ಚುಚ್ಚಿದ ಮುಳ್ಳು ತೆಗೆದ್ರೆ ನೋವು ತಾನಾಗೇ ಹೋಗುತ್ತೆ," ಅಂದಳು. ಅತ್ತಿಗೆ ಅಲ್ಲೇ ಬ್ರೆಡ್ಡು ಕತ್ತರಿಸುತ್ತಿದ್ದಳು. ಅಣ್ಣ ಅವಳ ಕಡೆ ನೋಡಿ, "ಈಗ್ಲಾದ್ರೂ ಒಪ್ಕೋ," ಅಂದ, ಮೆಲ್ಲಗೆ, ಉಪಕಾರ ಮಾಡುವವನ ಹಾಗೆ.

ಅವಳು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ನಾನು ಸುತ್ತಿದ್ದು. ಗುಳಿ ಯಾಕಿಲ್ಲ?"

"ಗೊತ್ತಿಲ್ಲ."

"ನೀನು ಈ ಸಲ ಏನೂ ಹಚ್ಚಲಿಲ್ಲ, ಅದಕ್ಕೆ."

"ಅತ್ತಿಗೆ, ಹಚ್ಚೋದಿದ್ರೆ ಗುಳಿ ಬಿದ್ದ ನನ್ನ ಸುತ್ತಿಗೂ ಯಾಕೆ ಹಚ್ಕೊಳ್ತಿದ್ದೆ? ಮೊದಲೂ ಹಚ್ಚಿಲ್ಲ."

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ನನ್ನ ಮೇಲಿನ ಅನುಮಾನ ಪೂರ್ತಿ ಹೋಗಿರಲಿಲ್ಲ, ಆದರೆ ಅದನ್ನು ಎಲ್ಲಿಡಬೇಕು ಅಂತ ಅವಳಿಗೆ ಈಗ ತಿಳಿಯುತ್ತಿರಲಿಲ್ಲ. "ಅದೇ ದಾರ, ಅದೇ ಕೈ, ಅದೇ ರಾಳ," ಅಂದಳು. "ಏನು ಬದಲಾಯ್ತು?"

ಬದಲಾದದ್ದು ಒಂದೇ. ಸುತ್ತಿದವರ ಹೆಸರು. ನಾನು ಅಪ್ಪನ ಕೈಯನ್ನು ನೆನೆಸಿಕೊಂಡೆ. ನನ್ನದು ಅಂತ ಕೊಟ್ಟದ್ದನ್ನು ಅವರು ಮುಟ್ಟಿದರೋ ಇಲ್ಲವೋ ಎಂಬಂತೆ ಮುಟ್ಟುತ್ತಾರೆ. ಅತ್ತಿಗೆಯದು ಅಂದರೆ ಹೆಬ್ಬೆರಳನ್ನು ಒತ್ತಿ, ಮೇಲೆ ಕೆಳಗೆ, ಮತ್ತೆ ಮೇಲೆ ಕೆಳಗೆ ಉಜ್ಜುತ್ತಾರೆ. ತಪ್ಪು ಸಿಗುವವರೆಗೂ ಬಿಡುವುದಿಲ್ಲ ಅನ್ನುವ ಹಾಗೆ. ಗುಳಿ ಬೀಳತೊಡಗಿದ ಮೇಲಂತೂ ಇನ್ನೂ ಹೆಚ್ಚು.

ಅಂದಿನಿಂದ ನಾನು ಅಪ್ಪನನ್ನು ನೋಡತೊಡಗಿದೆ. ಅಂಗಿಯ ಮೇಲಿನ ಗುಂಡಿ ಹಾಕುವುದನ್ನು ಅವರು ಯಾವಾಗಲೋ ಬಿಟ್ಟಿದ್ದರು. ಜಾಮಿನ ಶೀಸೆಯನ್ನು ಕೈಗೆ ತೆಗೆದುಕೊಂಡು, ಮುಚ್ಚಳ ತಿರುಗಿಸದೆ, ಲೇಬಲ್ ಓದುವವರ ಹಾಗೆ ಹಿಡಿದುಕೊಂಡಿದ್ದು, ಅಮ್ಮನ ಹತ್ತಿರ ತಳ್ಳಿದರು. ಅಜ್ಜಿ ಮಂಡಿಗೆ ಹಚ್ಚಿಕೊಳ್ಳುವ ವಾಸನೆಯಿಲ್ಲದ ಮುಲಾಮಿನ ಡಬ್ಬಿ ಅವಳ ಕಿಟಕಿಯ ಮೇಲೆ ಇರುತ್ತಿತ್ತು. ಈಗ ಇರಲಿಲ್ಲ.

"ಅಜ್ಜಿ, ಮಂಡಿನೋವು ಹೋಯ್ತಾ?" ಅಂತ ಕೇಳಿದೆ.

"ಯಾಕೆ, ಓಡೋ ಪಂದ್ಯ ಇದೆಯಾ?"

"ಮುಲಾಮು ಕಾಣಲಿಲ್ಲ."

ಅಜ್ಜಿ ನನ್ನನ್ನು ಕಾಲಿನಿಂದ ತಲೆಯವರೆಗೂ ನೋಡಿದಳು. "ನೀನು ನಿನ್ನ ದಾರ ನೋಡ್ಕೋ ಬೆಕ್ಕೆ," ಅಂದಳು.

ನಾನು ಮುರಿದ ಕೋಲಿನ ಎರಡು ತುಂಡಿಗೆ ಒಂದೇ ದಾರದಲ್ಲಿ ಒಂದೇ ರೀತಿ ಸುತ್ತಿದೆ. ಒಂದನ್ನು ನನ್ನ ಡ್ರಾಯರಿನಲ್ಲಿ ಇಟ್ಟೆ. ಇನ್ನೊಂದನ್ನು ಅಪ್ಪನ ಹತ್ತಿರ ಒಯ್ದೆ. "ಅತ್ತಿಗೆ ಸುಮ್ನೆ ಅಭ್ಯಾಸಕ್ಕೆ ಅಂತ ಸುತ್ತಿದ್ರು. ಹೇಗಿದೆ ನೋಡಿ."

ಅವರ ಮುಖ ಬಿಗಿಯಿತು. ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಒತ್ತಿ ಉಜ್ಜಿದರು. ಒತ್ತುವಾಗ ಕಣ್ಣ ಪಕ್ಕದ ಚರ್ಮ ಮುದುಡಿತು. ತಪ್ಪು ಸಿಗಲಿಲ್ಲ. ತಿರುಗಿಸಿ ಮತ್ತೆ ಉಜ್ಜಿದರು.

"ಎಲ್ಲೋ ಸಡಿಲ ಇದೆ," ಅಂದು ವಾಪಸ್ ಕೊಟ್ಟರು.

ಸಂಜೆ ಅಣ್ಣನಿಗೆ ಎರಡಕ್ಕೂ ಲೇಪ ಹಾಕು ಅಂದೆ. ಯಾಕೆ ಅಂತ ಕೇಳಿದ. ಹೊಸ ದಾರ ನೋಡಕ್ಕೆ ಅಂದೆ. ಅವನು ಹೆಚ್ಚು ಕೇಳುವವನಲ್ಲ.

ಮರುದಿನ ತಿಂಡಿಗೆ ಎಲ್ಲರೂ ಕೂತಿದ್ದಾಗ ನಾನು ಎರಡೂ ತುಂಡುಗಳನ್ನು ತಂದು ಬ್ರೆಡ್ಡಿನ ತಟ್ಟೆಯ ಪಕ್ಕ ಇಟ್ಟೆ. ಒಂದು ಗಾಜಿನ ಹಾಗೆ. ಇನ್ನೊಂದರ ಮೈತುಂಬ ಗುಳಿ.

"ಮತ್ತೆ ಶುರುವಾಯ್ತಾ?" ಅಂದಳು ಅಮ್ಮ.

ಅಪ್ಪ ಗುಳಿ ಬಿದ್ದದ್ದನ್ನು ಎತ್ತಿಕೊಂಡು ಅತ್ತಿಗೆಯ ಕಡೆ ನೋಡಿದರು. "ಇದು ನಿನ್ನೆ ನೀನು ಸುತ್ತಿದ್ದು."

"ನಾನೇನೂ ಸುತ್ತಿಲ್ಲ ಮಾವ," ಅಂದಳು ಅತ್ತಿಗೆ, ಟೀ ಸೋಸುತ್ತಾ.

"ಅದನ್ನ ಸುತ್ತಿದ್ದು ನಾನು," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಮತ್ತೊಂದು ಸಲ ಹೇಳಬೇಕಾಯಿತು. "ಎರಡೂ ನಾನೇ. ಅತ್ತಿಗೆ ಅಂತ ಸುಳ್ಳು ಹೇಳಿದೆ. ಒಂದನ್ನ ನೀವು ಮುಟ್ಟಿದೀರಿ, ಇನ್ನೊಂದನ್ನ ಮುಟ್ಟಿಲ್ಲ."

ಅಪ್ಪ ಆ ತುಂಡನ್ನು ತಟ್ಟೆಯ ಪಕ್ಕ ಇಟ್ಟರು.

"ದೋಣಿ ಕ್ಲಬ್ಬಿನ ಕೋಲುಗಳನ್ನ ಸುತ್ತಿದ್ದು ಅತ್ತಿಗೆ. ಅಲ್ಲಿ ಅಡುಗೆಮನೇಲಿ. ಅದೂ ಸುಳ್ಳು ಹೇಳಿದ್ದೆ. ನಂದು ಅಂದ್ಕೊಂಡು ನೀವು ಅದನ್ನ ಉಜ್ಜಲಿಲ್ಲ."

ಅಣ್ಣ ಎರಡೂ ತುಂಡುಗಳನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. "ನಿನ್ನೆ ಒಂದೇ ಬಟ್ಟಲಿನ ರಾಳ ಹಚ್ಚಿದ್ದು," ಅಂದ. ಆಮೇಲೆ ಅಪ್ಪನ ಕೈ ನೋಡಿದ. ಅಪ್ಪ ಕೈಯನ್ನು ಮೇಜಿನ ಕೆಳಗೆ ತೆಗೆದುಕೊಂಡರು. ಅಮ್ಮ ಪಕ್ಕದಲ್ಲಿದ್ದವಳು ಆ ಕೈಯನ್ನು ಹಿಡಿದು ಮೇಲೆ ತಂದಳು. ಹೆಬ್ಬೆರಳ ಬುಡ ಊದಿಕೊಂಡು ಹೊಳೆಯುತ್ತಿತ್ತು.

"ಬಿಡು ಅವನ ಕೈ," ಅಂದಳು ಅಜ್ಜಿ. "ನೋವಾಗುತ್ತೆ ಅವನಿಗೆ."

ಅಮ್ಮ ಅಜ್ಜಿಯ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತು."

"ನೋವು ಅಂದ. ಮುಲಾಮು ಕೊಟ್ಟೆ. ಹೆತ್ತವಳು ಮತ್ತೇನು ಮಾಡಬೇಕು?"

"ಬೆಳಿಗ್ಗೆ ಎದ್ದ ಕೂಡ್ಲೆ ಹಚ್ಚಿ, ಸೋಪು ಹಾಕಿ ತೊಳ್ಕೊಂಡೇ ಒಳಗೆ ಹೋಗ್ತಿದ್ದೆ," ಅಂದರು ಅಪ್ಪ. "ತೊಳೆದ್ರೆ ಹೋಗುತ್ತೆ ಅಂದ್ಕೊಂಡೆ."

"ಡಬ್ಬಿ ಎಲ್ಲಿದೆ?"

ಅಮ್ಮ ಅಪ್ಪನ ಅಂಗಿಯ ಜೇಬಿಗೇ ಕೈ ಹಾಕಿ ತೆಗೆದಳು. "ನಾನು ಇವಳ ಚೀಲ ಎಲ್ಲ ಮಗುಚಿ ಹಾಕಿದೆ," ಅಂದಳು, "ಡಬ್ಬಿ ನನ್ನ ಪಕ್ಕದಲ್ಲೇ ಮಲಗ್ತಿತ್ತು."

"ಎಷ್ಟು ದಿನದಿಂದ ನೋವು?" ಅಣ್ಣ ಕೇಳಿದ.

"ನಿನ್ನ ಮದುವೆ ಹೊತ್ತಿಗೇ ಶುರುವಾಗಿತ್ತು."

"ಹೇಳಬಹುದಿತ್ತಲ್ಲ."

"ಹೇಳಿದ್ರೆ ಮಾರನೇ ದಿನವೇ ನೀನು ಪೆಟ್ಟಿಗೆ ಕೋಲು ಇಳಿಸ್ತಿದ್ದೆ." ಅಪ್ಪ ಅಂದದ್ದು ಇಷ್ಟೇ. ಅಣ್ಣ ಅಲ್ಲ ಅನ್ನಲಿಲ್ಲ.

ಅತ್ತಿಗೆ ಟೀ ಲೋಟಗಳನ್ನು ಒಬ್ಬೊಬ್ಬರ ಮುಂದೆ ಇಡುತ್ತಾ ಬಂದಳು. ಅಜ್ಜಿಗೆ, ಅಪ್ಪನಿಗೆ, ಅಮ್ಮನಿಗೆ, ಅಣ್ಣನಿಗೆ, ನನಗೆ. ಅಪ್ಪ ಲೋಟವನ್ನು ಎಡಗೈಯಿಂದ ಹತ್ತಿರ ಎಳೆದುಕೊಂಡರು.

"ಇವತ್ತಿಂದ ನೀನು ಕೋಣೆಗೆ ಬಾ," ಅಂದರು ಅವಳನ್ನು ನೋಡದೆ. "ಪರೀಕ್ಷೆ ಕೆಲಸಾನೂ ನೀನೇ ನೋಡ್ಕೋ. ನಂಗಿನ್ನು ಬೆರಳಿಡಕ್ಕಾಗಲ್ಲ."

"ನೋಡಿದ್ಯಾ, ಮೇಸ್ತ್ರೀನೇ ಮಾಡಿಬಿಟ್ಟ," ಅಂದಳು ಅಜ್ಜಿ. "ಕೂತ್ಕೋ, ತಿಂಡಿ ತಿನ್ನು."

ಅಮ್ಮ ಒಂದು ಕುರ್ಚಿ ಎಳೆದಳು. ಅತ್ತಿಗೆ ಕೂರಲಿಲ್ಲ. ಟೀ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಬರ್ತೀನಿ ಮಾವ. ಅದಕ್ಕೆ ಮುಂಚೆ, ತಪ್ಪು ನಂದಲ್ಲ ಅಂತ ನೀವು ಒಂದು ಮಾತು ಹೇಳಿ."

ಅಪ್ಪ ಟೀಯನ್ನು ಊದಿದರು. ಅಣ್ಣ ಎರಡು ತುಂಡುಗಳನ್ನೂ ಒಂದರ ಪಕ್ಕ ಒಂದು ಸರಿಯಾಗಿ ಜೋಡಿಸಿದ. ಅಜ್ಜಿ ಬ್ರೆಡ್ಡಿನ ಅಂಚನ್ನು ಮುರಿದು ಟೀಯಲ್ಲಿ ಅದ್ದಿದಳು. ಹಿಂದಿನ ಕೋಣೆಯಲ್ಲಿ ಮೋಟಾರು ಬರಿದೇ ತಿರುಗುತ್ತಿರುವುದು ಇಲ್ಲಿಗೆ ಕೇಳುತ್ತಿತ್ತು. ಅಮ್ಮ ಹೋಗಿ ಅದನ್ನು ಆರಿಸಿ ಬಂದಳು.

"ನಿಮ್ಮಿಂದಾಗದಿದ್ರೆ ಬಿಡಿ ಮಾವ," ಅತ್ತಿಗೆ ಅಣ್ಣನ ಕಡೆ ತಿರುಗಿದಳು, "ನೀವಾದ್ರೂ ಹೇಳಿ."